ಕುಮಾರರಾಮನ ನಾಟಕಕ್ಕ ಕೋಟಿ ಬಾಗಲ, ಬಂಡಿಗಲ್ಲು: ಕಡಿಮಿ ರೊಕ್ಕದಾಗ ನಿಜದಂಗ ಕಾಣೋ ಸೀನರಿ ಹೆಂಗ ಮಾಡೋದು?

ಪ್ರಶ್ನೆ – ಹಂಪಸಾಗರದ ಹಾದಿ

ನಮಸ್ಕಾರ್ರಿ ಎಲ್ಲಾರಿಗೂ. ಗಂಗಾವತಿ ತಾಲೂಕಿನ ಹಳ್ಳಿ ನಮ್ಮದು. ಜಾತ್ರಿಗೆ ಕುಮಾರರಾಮನ ಕತಿ ಆಡೋದೈತಿ, ನಾವ ಬರಕೊಂಡ ನಾಟಕ. ಸ್ಟೇಜು 24 ಅಡಿ ಅಗಲ, 16 ಅಡಿ ಆಳ, ಮ್ಯಾಲೆ ಶಾಮಿಯಾನ, ಮೂರೂ ಕಡಿ ಬಯಲು. ಬಾಡಿಗಿ ಸೀನರಿ ಬ್ಯಾಡ ಅಂತ ತೀರ್ಮಾನ ಆಗೇತಿ, ಯಾಕಂದ್ರ ಅದರಾಗ ಇರೋದು ಮೈಸೂರು ಅರಮನಿ, ಹಿಮಾಲಯ, ರಸ್ತೆ ಸೀನು. ಕುಮಾರರಾಮನ ಕೋಟಿ ಕುಮ್ಮಟದುರ್ಗಕ್ಕ ಅವು ಯಾವೂ ಹೊಂದೂದಿಲ್ಲ.

ನಮಗ ಬೇಕಾದದ್ದು ಮೂರು: ಕೋಟಿ ಬಾಗಲ, ಗುಡ್ಡದಾಗಿನ ಬಂಡಿಗಲ್ಲು (ಒಂದರ ಮ್ಯಾಲೆ ನಟ ಹತ್ತಿ ನಿಂತು ಮಾತಾಡ್ತಾನ), ದರಬಾರಿಗೆ ಎರಡು ಕಂಬ. ಒಟ್ಟು 6,000 ರೂಪಾಯಿ ಒಳಗ ಮುಗೀಬೇಕು. ರಟ್ಟು, ಹಳೆ ಪೇಪರು, ಗೋಣಿಚೀಲ ಬೇಕಾದಷ್ಟು ಸಿಗ್ತಾವ. ಕೆಲಸಕ್ಕ ಏಳೆಂಟು ಮಂದಿ ಅದೀವಿ, ಇಪ್ಪತ್ತು ದಿನ ಟೈಮ್ ಐತಿ. ಥರ್ಮಾಕೋಲ್ ಒಳಗ ಮಾಡೋಣ ಅಂತ ಒಬ್ಬರು, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಒಳಗ ಅಂತ ಇನ್ನೊಬ್ಬರು. ಗೊತ್ತಿದ್ದವರು ಅಳತಿ ಸಮೇತ ಹೇಳ್ರಿ.

ಉತ್ತರ 1 – ಪರದೆ ಹಿಂದಿನವ

ಸಾಮಾನು ಯಾವುದು ಅನ್ನೋದಕ್ಕಿಂತ ಮೊದಲು ಆಕಾರ ಯಾವುದು ಅಂತ ತೀರ್ಮಾನಿಸಿ. ಕೋಟೆ ಬಾಗಿಲಿಗೆ ಕಮಾನು ಬೇಡ. ಬಾಡಿಗೆ ಪರದೆಗಳಲ್ಲಿ ಬರುವ ಚೂಪು ಕಮಾನಿನ ಬಾಗಿಲು ಆಮೇಲಿನ ಕಾಲದ ರೂಢಿ. ಕುಮಾರರಾಮನ ಕಂಪಿಲಿ ರಾಜ್ಯ ಬಿದ್ದದ್ದು 1327ರ ಸುಮಾರಿಗೆ. ಅದಕ್ಕೆ ಹತ್ತಿರದ ಮಾದರಿ ಬೇಕೆಂದರೆ ರಾಯಚೂರು ಕೋಟೆಯ ಒಳಗೋಡೆ ನೋಡಿ. ಅಲ್ಲಿ ನಲವತ್ತು ಅಡಿಗೂ ಮಿಕ್ಕ ಒಂದೇ ಕಲ್ಲಿನ ಮೇಲೆ 1294ರ ಶಾಸನ ಇದೆ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಒಂದಕ್ಕೊಂದು ಕೂಡಿಸಿ ಕಟ್ಟಿದ ಗೋಡೆ. ಬಳ್ಳಾರಿಯ ಕೆಳಕೋಟೆ ನೋಡಿ ಬಿಡಿಸಬೇಡಿ, ಅದು ಹೈದರಾಲಿ ಕಾಲದ್ದು, ತೋಪಿನ ಯುದ್ಧಕ್ಕೆ ಕಟ್ಟಿದ್ದು.

ಇದರಿಂದ ನಿಮಗೆ ಎರಡು ಅನುಕೂಲ. ಎರಡು ಕಡೆ ಕಂಬಗಲ್ಲು, ಮೇಲೆ ಅಡ್ಡ ತೊಲೆಗಲ್ಲು ಇಟ್ಟರೆ ಬಾಗಿಲು ಆಯಿತು, ಕಮಾನು ಕತ್ತರಿಸುವ ತಾಪತ್ರಯ ಇಲ್ಲ. ಇನ್ನೊಂದು, ಗಾರೆಯ ಬಿಳಿ ಗೆರೆ ಎಳೆಯುವಂತಿಲ್ಲ. ಹವ್ಯಾಸಿ ಸೀನರಿ ಸುಳ್ಳು ಅಂತ ದೂರದಿಂದಲೇ ಗೊತ್ತಾಗುವುದು ಆ ದಪ್ಪ ಬಿಳಿ ಗೆರೆಯಿಂದ. ಕಲ್ಲು ಕಲ್ಲಾಗುವುದು ನೆರಳಿನಿಂದ, ಗೆರೆಯಿಂದ ಅಲ್ಲ.

ಈಗ ಚೌಕಟ್ಟು. ನಾಲ್ಕು ಫ್ಲ್ಯಾಟ್ (ರೀಪಿನ ಚೌಕಟ್ಟಿಗೆ ಬಟ್ಟೆ ಹಚ್ಚಿದ ಗೋಡೆ) ಸಾಕು. ಪ್ರತಿಯೊಂದೂ ಮೂರೂವರೆ ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಈ ಅಳತೆಗೆ ಕಾರಣ ಹಳೆ ಸೀರೆ. ಸೀರೆಯ ಪನ್ನ ಸುಮಾರು 45 ಇಂಚು, ಫ್ಲ್ಯಾಟ್ 42 ಇಂಚು, ಎರಡೂ ಬದಿಗೆ ಒಂದೂವರೆ ಇಂಚು ಮಡಚಲು ಉಳಿಯುತ್ತದೆ. ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ 18 ಅಡಿ. ಒಂದು ಸೀರೆಗೆ ಎರಡು ಫ್ಲ್ಯಾಟ್, ಎರಡು ಸೀರೆಗೆ ಕೆಲಸ ಮುಗಿಯಿತು. ನಾಲ್ಕಡಿಗೆ ಮಾಡಿದರೆ ಪ್ರತಿ ಫ್ಲ್ಯಾಟಿಗೂ ಬಟ್ಟೆ ಜೋಡಿಸಿ ಹೊಲಿಯಬೇಕು, ಆ ಹೊಲಿಗೆ ಬಣ್ಣದಡಿಯಲ್ಲೂ ಎದ್ದು ಕಾಣುತ್ತದೆ. ಸೀರೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಅಂಟಿನ ನೀರಿಗೆ ಬಿಗಿಯುವುದಿಲ್ಲ, ಜೋಲು ಬೀಳುತ್ತದೆ.

ರೀಪು 2×1 ಇಂಚಿನದು. ಒಂದು ಫ್ಲ್ಯಾಟಿಗೆ ನಿಂತ ಪಟ್ಟಿ ಎರಡು, ಅಡ್ಡಪಟ್ಟಿ ಮೂರು, ಸೇರಿ 28 ಅಡಿ. ನಾಲ್ಕಕ್ಕೆ 112, ಹಾಳಾಗುವುದು ಸೇರಿಸಿ 120 ಅಡಿ ತನ್ನಿ. ಮೂಲೆಗಳಿಗೆ ಎಂಟಿಂಚಿನ ಪ್ಲೈ ತ್ರಿಕೋನ ಇಟ್ಟು ಹಿಂದಿನಿಂದ ಸ್ಕ್ರೂ ಹಾಕಿ. ಬರೀ ಮೊಳೆ ಹೊಡೆದರೆ ಟ್ರ್ಯಾಕ್ಟರಿನಲ್ಲಿ ಒಂದು ಸಲ ಹೋಗಿ ಬರುವಷ್ಟರಲ್ಲಿ ಸಡಿಲ.

ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಅಂಗೈ ಇಟ್ಟು ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು ಸಡಿಲ ಇರಲಿ. ಬಿಳಿ ಫೆವಿಕಾಲ್ ಒಂದು ಪಾಲು, ನೀರು ಐದು ಪಾಲು, ಲೀಟರಿಗೆ ಎರಡು ಹಿಡಿ ಚಾಕ್ ಪುಡಿ ಕಲಸಿ ಬಳಿದರೆ ಒಣಗುವಾಗ ತಾನಾಗಿ ತಮಟೆಯಂತೆ ಬಿಗಿಯುತ್ತದೆ. ಮೊದಲೇ ಎಳೆದು ಕಟ್ಟಿದ್ದರೆ ಒಣಗುವ ಹೊತ್ತಿಗೆ ರೀಪು ಬಿಲ್ಲಿನ ಹಾಗೆ ಬಾಗಿರುತ್ತದೆ, ಆಮೇಲೆ ನೆಟ್ಟಗೆ ಮಾಡಲು ಆಗುವುದಿಲ್ಲ. ಕೆಂಪು, ನೀಲಿ ಸೀರೆಯಾದರೆ ಈ ಅಂಟಿನ ಲೇಪ ಎರಡು ಸಲ ಬೇಕು, ಇಲ್ಲವಾದರೆ ಅದರ ಬಣ್ಣ ಡಿಸ್ಟೆಂಪರ್ ಮೂಲಕ ಮೇಲಕ್ಕೆ ಹಾಯ್ದುಬರುತ್ತದೆ.

ನಡುವೆ ಐದಡಿ ಬಿಟ್ಟು ಆಚೆ ಎರಡು, ಈಚೆ ಎರಡು ನಿಲ್ಲಿಸಿ. ಒಟ್ಟು 19 ಅಡಿ, ಉಳಿದದ್ದು ವಿಂಗ್ ಪರದೆ (ಸ್ಟೇಜಿನ ಪಕ್ಕದ ಪರದೆ) ಮುಚ್ಚುತ್ತದೆ. ತೊಲೆಗಲ್ಲು ಮಾತ್ರ ಚಪ್ಪಟೆ ಬೇಡ, ರಟ್ಟಿನ ಪೆಟ್ಟಿಗೆಯೇ ಆಗಲಿ: ಏಳಡಿ ಉದ್ದ, ಒಂದೂವರೆ ಅಡಿ ಎತ್ತರ, ಆರಿಂಚು ದಪ್ಪ. ಅದರ ನೆರಳು ಕೆಳಗಿನ ಗೋಡೆಯ ಮೇಲೆ ಬಿದ್ದರೆ ಇಡೀ ಬಾಗಿಲಿಗೆ ತೂಕ ಬರುತ್ತದೆ. ಕೆಳಗೆ ಏಳಡಿ ಬಯಲು ಇರಬೇಕು. ಕಿರೀಟ ಇಟ್ಟ ರಾಜ ತಲೆ ತಗ್ಗಿಸಿ ಒಳಗೆ ಬಂದರೆ ಜನ ಶಿಳ್ಳೆ ಹೊಡೆಯುತ್ತಾರೆ.

ಮೂರು ಕಡೆ ಬಯಲು ಅಂದಿರಿ, ಹಾಗಾದರೆ ಗಾಳಿಯ ಲೆಕ್ಕ ಬಿಡುವಂತಿಲ್ಲ. ಎರಡು ಫ್ಲ್ಯಾಟ್ ಸೇರಿದರೆ ಸುಮಾರು 60 ಚದರ ಅಡಿ. ಗಂಟೆಗೆ 36 ಕಿ.ಮೀ. ಗಾಳಿ ಬಂದರೆ ಅದರ ಮೇಲೆ ಹತ್ತಿರ ಹತ್ತಿರ 40 ಕಿಲೋ ತೂಕ ಒರಗಿದ ಹಾಗೆ. ಪ್ರತಿ ಜೋಡಿಗೂ ಹಿಂದೆ ಎರಡು ತ್ರಿಕೋನ ಆಸರೆ ಕೊಡಿ. ಆಸರೆ ಫ್ಲ್ಯಾಟಿನ ಮೂರನೇ ಎರಡು ಎತ್ತರಕ್ಕೆ ತಾಗಲಿ, ಕಾಲು ನಾಲ್ಕೂವರೆ ಅಡಿ ಹಿಂದೆ ಇರಲಿ, ಆ ಕಾಲಿನ ಮೇಲೆ ತಲಾ 25 ಕಿಲೋ ಮರಳು ಚೀಲ. ಇದು ಹಿಂದಿನಿಂದ ಬರುವ ಗಾಳಿಗೆ. ಮುಂದಿನಿಂದ ಬರುವುದಕ್ಕೆ ಫ್ಲ್ಯಾಟಿನ ಬುಡವನ್ನೇ ಸ್ಟೇಜಿನ ಹಲಗೆಗೆ ಸ್ಕ್ರೂ ಮಾಡಬೇಕು. ಬುಡ ಬಿಟ್ಟು ಆಸರೆಗೆ ಮಾತ್ರ ಚೀಲ ಇಡುವುದು ಎಲ್ಲ ಕಡೆ ಕಾಣುವ ತಪ್ಪು.

ಉತ್ತರ 2 – ಕಾವಿಮಣ್ಣು

ಬಂಡಿಗಲ್ಲಿನ ಬಗ್ಗೆ ನಾ ಹೇಳ್ತೀನಿ.

ಒಳಗಿನ ಗೂಡಿಗೆ ರೊಕ್ಕ ಹಾಕಬ್ಯಾಡ್ರಿ. ಕೋಳಿ ಮುಚ್ಚೋ ಬುಟ್ಟಿ, ತಳ ಹೋದ ಹೆಡಿಗಿ ಊರಾಗ ಸಿಗತಾವ. ಅವನ್ನ ಬೋರಲ ಹಾಕಿದ್ರ ಗೂಡು ತಯಾರ. ಆದ್ರ ಹಂಗ ಬಿಟ್ರ ಬುಟ್ಟಿ ಬುಟ್ಟಿನ ಕಾಣತೈತಿ. ಆನೆಗುಂದಿ ಕಡಿ ಬಂಡಿ ನೋಡ್ರಿ: ಮೂರು ಮೈ ಗುಂಡಗ, ಒಂದು ಮೈ ಕತ್ತರಿಸಿದಂಗ ಚಪ್ಪಟಿ. ಬಿರುಕು ಬಿಟ್ಟು ಸೀಳಿದ ಕಡಿ ಅದು. ಅದಕ್ಕ ಬುಟ್ಟಿಯ ಒಂದು ಬದಿಗೆ ಹಗ್ಗ ಹಾಕಿ ಒಳಗ ಎಳದು ಕಟ್ರಿ, ಆ ಜಾಗಕ್ಕ ಒಂದು ರಟ್ಟು ಹಚ್ರಿ. ನೆತ್ತಿ ಮ್ಯಾಲೆ ಒಂದು ಕಡಿ ಪೇಪರ್ ಉಂಡಿ ಕಟ್ಟಿ ಉಬ್ಬಿಸ್ರಿ. ಎರಡು ಬಂಡಿ ಒಂದ ಆಕಾರ ಇರಬಾರದು.

ಮೂರು ಸೈಜು ಮಾಡ್ರಿ: ನಾಲ್ಕಡಿ, ಮೂರಡಿ, ಎರಡಡಿ ಅಗಲ. ಒಂದರೊಳಗ ಒಂದು ಕೂಡುವಂಗಿದ್ರ ಸಾಗಸೋದು ಹಗುರ.

ಅಂಟು: ಮೈದಾ ಒಂದು ಕಿಲೋ, ನೀರು ಏಳು ಲೀಟರ್. ಮೊದಲು ಒಂದೂವರಿ ಲೀಟರ್ ತಣ್ಣೀರಾಗ ಮೈದಾ ಗಂಟಿಲ್ಲದಂಗ ಕಲಸ್ರಿ. ಉಳಿದ ನೀರು ಕುದಿಯಾಕ ಹತ್ತಿದ ಮ್ಯಾಲೆ ಅದನ್ನ ಸುರದು ತಿರುವ್ರಿ. ಬಿಳಿ ಹೋಗಿ ಗಾಜಿನಂಗ ಮಸಕಾದ್ರ ಇಳಸ್ರಿ. ಇಳಿಸಿದ ಮ್ಯಾಲೆ 10 ಗ್ರಾಂ ಮೈಲುತುತ್ತ ಕರಗಿಸಿ ಹಾಕ್ರಿ. ಅದನ್ನ ಬಿಟ್ರ ಮೂರನೇ ದಿನಕ್ಕ ಬೂಸಲು, ನಾಲ್ಕನೇ ದಿನಕ್ಕ ಇಲಿ. ಮೈಲುತುತ್ತ ವಿಷ ಅನ್ನೋದು ನೆನಪಿರಲಿ: ಅಡಗಿ ಪಾತ್ರಿ ಬಳಸಬ್ಯಾಡ್ರಿ, ಕೈಗೆ ಪ್ಲಾಸ್ಟಿಕ್ ಚೀಲ ಕಟಗೋರಿ, ಹುಡುಗುರ ಕೈಗೆ ಕೊಡಬ್ಯಾಡ್ರಿ, ಒಣಗೋ ತನಕ ಆಡು ಕುರಿ ಹತ್ತರ ಬಿಡಬ್ಯಾಡ್ರಿ. ಗೋಡಿಗೆ ಹಚ್ಚಿದ ಪೋಸ್ಟರನ್ನ ಬಿಡದವು, ಬಂಡಿ ಬಿಡ್ತಾವೇನು?

ಪೇಪರು: ನಾಲ್ಕಡಿ ಬಂಡಿಗೆ ಮೂರು ಪದರ ಬೇಕು. ಒಂದು ಪದರಕ್ಕ ಪೂರ್ತಿ ಬಿಚ್ಚಿದ ಹಾಳಿ ಸುಮಾರು ಹತ್ತು, ಒಟ್ಟು ಮೂವತ್ತು. ತೂಕದ ಲೆಕ್ಕದಾಗ ಮುಕ್ಕಾಲು ಕಿಲೋ ಸಾಕು. ಕೈಯಿಂದ ಹರೀರಿ, ಕತ್ತರಿ ಬ್ಯಾಡ. ಕತ್ತರಿಸಿದ ಅಂಚು ಬಣ್ಣದ ಕೆಳಗ ಗೆರಿ ಆಗಿ ಕಾಣತೈತಿ, ಹರಿದ ಅಂಚು ಕಾಣೂದಿಲ್ಲ. ಒಂದು ಪದರ ಉದ್ದಕ, ಒಂದು ಅಡ್ಡಕ. ಪದರ ಪದರಕ್ಕ ಒಂದು ದಿನ ಬಿಡ್ರಿ. ಮೂರೂ ಒಂದ ದಿನ ಹಚ್ಚಿದ್ರ ಮ್ಯಾಲೆ ಒಣಗಿ ಒಳಗ ಹಸಿ ಉಳದು ನಾತ ಹೊಡೀತೈತಿ.

ಕಡಿಗೆ ಗೋಣಿಚೀಲ. ಅಂಟಿನಾಗ ಅದ್ದಿ, ಹಿಂಡಿ, ಹೊದಸ್ರಿ. ಕಲ್ಲಿನ ಒರಟು ಮೈ ಬರೋದು ಇದರಿಂದ. ಅಕ್ಕಿ ಮಿಲ್ಲಿನಿಂದ ತರಬೇಕಾದ್ರ ಸೆಣಬಿನ ಚೀಲನ ಕೇಳ್ರಿ. ಪ್ಲಾಸ್ಟಿಕ್ ಚೀಲ ಅಂಟು ಹಿಡಿಯೂದಿಲ್ಲ, ಬಣ್ಣನೂ ಹಿಡಿಯೂದಿಲ್ಲ, ಒಣಗಿದ ಮ್ಯಾಲೆ ಸಿಪ್ಪಿ ಸುಲಿದಂಗ ಬರತೈತಿ.

ನಟ ಹತ್ತೋ ಬಂಡಿಗೆ ಈ ಯಾವುದೂ ಲೆಕ್ಕಕ್ಕಿಲ್ಲ. ಪೇಪರ್ ಬಂಡಿ ಮ್ಯಾಲೆ ಮನುಷ್ಯ ನಿಲ್ಲೂದಿಲ್ಲ. ಗಟ್ಟಿ ಕಟಗಿ ಮೇಜು ಇಡ್ರಿ, ಮ್ಯಾಲೆ 18 ಮಿ.ಮೀ. ಪ್ಲೈ ಸ್ಕ್ರೂ ಮಾಡ್ರಿ, ಅದರ ಸುತ್ತ ಬಂಡಿಯ ತೊಗಲು ಕಟ್ರಿ. ಕಾಲಿಡೋ ಜಾಗದಾಗ ಅಂಟಿನ ಗೋಣಿ ಬ್ಯಾಡ, ಜಾರತೈತಿ. ಅಲ್ಲಿ ಬರೀ ಒಣ ಗೋಣಿ ಬಿಗಿಯಾಗಿ ಮೊಳಿ ಹೊಡೀರಿ. ಹತ್ತೋ ಮೆಟ್ಟಲ ಹಿಂದ ಇರಲಿ.

ಉತ್ತರ 3 – ತುಂಗಭದ್ರ ಎಡದಂಡೆ

ಥರ್ಮಾಕೋಲ್ ವಿಷಯ ಯಾರೂ ಮುಟ್ಟಲಿಲ್ಲ. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಫ್ರಿಜ್, ಟಿವಿ ಪೆಟ್ಟಿಗೆಯೊಳಗಿನ ಹಳೆ ತುಂಡು ಇದ್ದರೆ ಅಲ್ಲೊಂದು ಇಲ್ಲೊಂದು ಬಳಸಿ, ಹೊಸ ಶೀಟಿನ ಯೋಚನೆ ಬಿಡಿ. ಆ ತುಂಡಿಗೂ ಎನಾಮೆಲ್, ಥಿನ್ನರ್, ಸ್ಪ್ರೇ ಬಣ್ಣ, ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು ತಾಗಿಸಬೇಡಿ, ಕರಗಿ ಹೊಂಡ ಬೀಳುತ್ತದೆ. ನೀರಿನ ಬಣ್ಣ, ಬಿಳಿ ಫೆವಿಕಾಲ್ ಮಾತ್ರ. ಎರಡು ತುಂಡಿನ ನಡುವೆ ಫೆವಿಕಾಲ್ ಪೂರ್ತಿ ಬಳಿದರೆ ನೀರು ಹೊರಗೆ ಹೋಗಲು ದಾರಿ ಇಲ್ಲದೆ ನಡುವೆ ವಾರವಾದರೂ ಹಸಿ ಇರುತ್ತದೆ. ಚುಕ್ಕಿ ಚುಕ್ಕಿ ಹಾಕಿ, ಬಿದಿರು ಕಡ್ಡಿ ಚುಚ್ಚಿ, ಒಂದು ದಿನ ಬಿಡಿ.

ಪಿಒಪಿ ಬೇಡವೇ ಬೇಡ. ಭಾರ, ಹತ್ತು ನಿಮಿಷದಲ್ಲಿ ಬಕೆಟ್ಟಿನಲ್ಲೇ ಗಟ್ಟಿ, ಟ್ರ್ಯಾಕ್ಟರ್ ಕುಲುಕಿದರೆ ಚೂರು.

ಹಂಪಸಾಗರದ ಹಾದಿ

ಭಾಳ ಉಪಕಾರ ಆತ್ರಿ. ಒಂದು ಮೂರಡಿ ಬಂಡಿ ಮಾಡಿ ನೋಡಿದ್ವಿ. ಗೋಣಿ ಮ್ಯಾಲೆ ಚಾಕ್ ಪುಡಿ ಮತ್ತ ಫೆವಿಕಾಲ್ ಕಲಸಿ ದಪ್ಪಗ ಮೆತ್ತಿ ಬಿಸಲಾಗ ಇಟ್ವಿ, ಸಂಜಿಗೆ ಕೆರಿ ಒಣಗಿದಂಗ ಬಿರಕ ಬಿಟ್ಟೈತಿ. ಬೂದಿ ಬಣ್ಣ ಬಳದ್ವಿ, ಈಗ ಎಮ್ಮಿ ಮಲಗಿದಂಗ ಕಾಣಾಕತ್ತೈತಿ. ಎಲ್ಲಿ ತಪ್ಪೇತಿ?

ಉತ್ತರ 4 – ಸುಣ್ಣಬಣ್ಣ

ಎರಡು ಬೇರೆ ಬೇರೆ ತಪ್ಪು.

ಬಿರುಕಿಗೆ ಕಾರಣ ಮೂರು: ದಪ್ಪ, ಬಿಸಿಲು, ನಾರಿಲ್ಲದ ಕಲಸು. ನೀರು ಆರುವಾಗ ಕಲಸು ಕುಗ್ಗುತ್ತದೆ. ನಮ್ಮ ಕಡೆಯ ಬೇಸಿಗೆ ಬಿಸಿಲಿನಲ್ಲಿ ಮೇಲ್ಮೈ ಮೊದಲು ಒಣಗಿ ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ಕುಗ್ಗುತ್ತದೆ, ಆ ಎಳೆತಕ್ಕೆ ಮೇಲ್ಮೈ ಸೀಳುತ್ತದೆ. ಚಾಕ್ ಪುಡಿ ಎರಡು ಕಿಲೋ, ಫೆವಿಕಾಲ್ ಅರ್ಧ ಕಿಲೋ, ನೀರು ಮುಕ್ಕಾಲು ಲೀಟರ್ ಕಲಸಿ, ಅದಕ್ಕೆ ಜರಡಿ ಹಿಡಿದ ಕಟ್ಟಿಗೆ ಹೊಟ್ಟು ಎರಡು ಹಿಡಿ, ಜಿನ್ನಿಂಗ್ ಮಿಲ್ಲಿನ ಹತ್ತಿ ಚೂರು ಒಂದು ಹಿಡಿ ಬಿಡಿಸಿ ಹಾಕಿ. ಗೋಡೆಯ ಮಣ್ಣಿಗೆ ಹುಲ್ಲು ಸೇರಿಸುವುದು ಯಾಕೋ, ಇದೂ ಅದಕ್ಕೇ. ಎರಡು ಮಿ.ಮೀ.ಗಿಂತ ದಪ್ಪ ಬೇಡ, ಬೇಕಿದ್ದರೆ ಮರುದಿನ ಇನ್ನೊಂದು ಕೈ. ನೆರಳಿನಲ್ಲಿ ಒಣಗಿಸಿ. ಇಡೀ ಬಂಡೆಗೆ ಮೆತ್ತಬೇಡಿ, ಮೂರನೇ ಒಂದು ಭಾಗಕ್ಕೆ ಅಲ್ಲಲ್ಲಿ ಮೆತ್ತಿ. ಉಳಿದ ಕಡೆ ಗೋಣಿಯ ನೇಯ್ಗೆ ಕಾಣದಷ್ಟು ತೆಳುವಾಗಿ ಬ್ರಷ್ಷಿನಲ್ಲಿ ಬಳಿದರೆ ಸಾಕು. ಈಗ ಬಿರುಕು ಬಿಟ್ಟಿರುವುದನ್ನು ಬಿಸಾಡಬೇಡಿ, ಸಡಿಲ ಚಕ್ಕೆ ಕೆರೆದು ತೆಗೆದು ಮೇಲೆ ತೆಳು ಲೇಪ ಕೊಡಿ.

ಎಮ್ಮೆ ಆಗಿದ್ದು ಒಂದೇ ಬಣ್ಣದಿಂದ. ಒಂದೇ ಬೂದಿ ಬಣ್ಣ ಗುಂಡನೆಯ ವಸ್ತುವಿನ ಮೇಲೆ ಚರ್ಮದಂತೆ ಕಾಣುತ್ತದೆ. ಹಂಪಿ, ಆನೆಗುಂದಿ ಬಂಡೆಯನ್ನು ಬೆಳಗ್ಗೆ ಎಂಟಕ್ಕೆ ಹತ್ತಿರ ನಿಂತು ನೋಡಿ: ಬೂದಿ ಇದೆ, ಆದರೆ ಅದರಲ್ಲಿ ನಸುಗೆಂಪು ಇದೆ, ಸೀಳಿದ ಮೈಯಲ್ಲಿ ಹೊಸ ಕಲ್ಲಿನ ತಿಳಿ ಕಂದು. ನೆತ್ತಿಯಿಂದ ಕೆಳಗೆ ಮಳೆನೀರು ಹರಿದ ಜಾಡಿನಲ್ಲಿ ಕಪ್ಪು ಪಟ್ಟೆ, ಒಂದೊಂದು ಗೇಣಗಲ, ಕೆಳಕ್ಕೆ ಬಂದಂತೆ ಸಣ್ಣದಾಗಿ ಮಾಯ. ಆ ಕಪ್ಪು ಪಟ್ಟೆ ಹಾಕಿದ ಕ್ಷಣ ನಮ್ಮ ಸೀಮೆಯ ಬಂಡೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಸಾಮಾನು: ಬಿಳಿ ಡಿಸ್ಟೆಂಪರ್ ಐದು ಕಿಲೋ, ಸ್ಟೇನರ್ (ಡಿಸ್ಟೆಂಪರಿಗೆ ಬೆರೆಸುವ ಗಾಢ ಬಣ್ಣ) ಕಪ್ಪು, ಹಳದಿ, ಕೆಂಪು ತಲಾ ಒಂದು ಸಣ್ಣ ಬಾಟಲಿ. ಗೋಡೆಗೂ ಬಂಡೆಗೂ ಇಷ್ಟೇ. ಕಾವಿ ಪುಡಿ ಇದ್ದರೆ ಕೆಂಪಿನ ಬದಲು ಅದೇ ಚೆಂದ, ಆದರೆ ಫೆವಿಕಾಲ್ ನೀರಿನಲ್ಲೇ ಕಲಸಿ. ಬರೀ ನೀರಿನಲ್ಲಿ ಕಲಸಿದರೆ ನಟರ ಜರತಾರಿ ಪಂಚೆಗೆ ಹತ್ತುತ್ತದೆ. ಸುಣ್ಣಕ್ಕೂ ಅದೇ ದೋಷ.

ಬಳಿಯುವ ಕ್ರಮ ಹೀಗೆ. ಮೊದಲು ನಡುಬಣ್ಣ. ಎರಡು ಡಬ್ಬಿಯಲ್ಲಿ ಎರಡು ಬೂದಿ ಮಾಡಿಕೊಳ್ಳಿ, ಒಂದು ಕೆಂಪು ಕಡೆಗೆ, ಒಂದು ಹಳದಿ ಕಡೆಗೆ. ಎರಡನ್ನೂ ಹಸಿ ಇರುವಾಗಲೇ ತೇಪೆ ತೇಪೆಯಾಗಿ ಹಚ್ಚಿ, ಅಂಚಿನಲ್ಲಿ ಬೆರೆಯಲಿ. ಡಿಸ್ಟೆಂಪರ್ ಒಣಗಿದ ಮೇಲೆ ಒಂದು ಮಟ್ಟ ತಿಳಿಯಾಗುತ್ತದೆ, ಆದ್ದರಿಂದ ರಟ್ಟಿನ ಚೂರಿನ ಮೇಲೆ ಬಳಿದು ಒಣಗಿಸಿ ನೋಡಿದ ಮೇಲೇ ಡಬ್ಬಿಗೆ ಸ್ಟೇನರ್ ಹೆಚ್ಚಿಸಿ. ಹಸಿಯಲ್ಲಿ ಸರಿ ಅನಿಸಿದ್ದು ಒಣಗಿದಾಗ ಪೇಲವ.

ಎರಡನೆಯದು ಕಪ್ಪು ನೀರು. ಅರ್ಧ ಲೀಟರ್ ನೀರಿಗೆ ಕಪ್ಪು ಸ್ಟೇನರ್ ಒಂದು ಟೀ ಚಮಚ, ಕೆಂಪು ಅರ್ಧ, ಫೆವಿಕಾಲ್ ಎರಡು ಚಮಚ. ಬಂಡೆಯ ನೆತ್ತಿಯ ಮೇಲಿಂದ ಸುರಿದು ಇಳಿಯಲು ಬಿಡಿ. ಗುಂಡಿ, ಮಡಿಕೆಯಲ್ಲಿ ತಾನೇ ನಿಲ್ಲುತ್ತದೆ, ಉಬ್ಬಿನ ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ. ಮಳೆನೀರಿನ ಜಾಡು ಬಿಡಿಸುವುದಕ್ಕಿಂತ ಹೀಗೆ ಹರಿಸಿದರೆ ನಿಜವಾಗಿ ಬರುತ್ತದೆ, ನಿಜವಾದ ಬಂಡೆಯ ಮೇಲೂ ಇದರ ಮೇಲೂ ನೀರು ಒಂದೇ ರೀತಿ ಇಳಿಯುವುದು ತಾನೆ.

ಮೂರನೆಯದು ಒಣ ಬ್ರಷ್. ಬಿಳಿಗೆ ಚೂರು ಹಳದಿ ಬೆರೆಸಿ, ಬ್ರಷ್ಷಿನ ತುದಿ ಅದ್ದಿ, ಪೇಪರಿಗೆ ಉಜ್ಜಿ ಮುಕ್ಕಾಲು ಬಣ್ಣ ತೆಗೆದು, ಉಬ್ಬಿದ ಜಾಗಕ್ಕೆ ಮಾತ್ರ ಸವರಿ. ಬೆಳಕು ಬರುವ ಕಡೆಗೆ ಹೆಚ್ಚು, ಆಚೆ ಕಡಿಮೆ. ಕೊನೆಗೆ ಚಿಮುಕಿಸುವುದು: ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಪ್ಪು, ಬಿಳಿ, ನಸುಗೆಂಪು ಚುಕ್ಕಿ, ಮೂರಡಿ ದೂರದಿಂದ. ಇಪ್ಪತ್ತಡಿ ದೂರದಲ್ಲಿ ಅವು ಬೆರೆತು ಕಣಿಕಣಿಯಾದ ಕಲ್ಲಿನ ಮೈ ಆಗುತ್ತದೆ. ಚುಕ್ಕಿ ಜೋಳದ ಕಾಳಿಗಿಂತ ದೊಡ್ಡದಾದರೆ ಸಿಡುಬು ಬಂದ ಹಾಗೆ ಕಾಣುತ್ತದೆ.

ಗೋಡೆಗೆ: ಬುಡದ ಸಾಲಿನ ಕಲ್ಲು 18 ಇಂಚು ಎತ್ತರ, ಮೇಲಕ್ಕೆ ಹೋದಂತೆ ಕಡಿಮೆ ಮಾಡುತ್ತ ತುದಿಯಲ್ಲಿ 9 ಇಂಚು. ಎಂಟೂವರೆ ಅಡಿ ಗೋಡೆ ಹನ್ನೆರಡು ಅಡಿಯಂತೆ ಕಾಣುವುದು ಇದರಿಂದ. ಉದ್ದ ಎರಡರಿಂದ ನಾಲ್ಕಡಿ, ಸಂದಿನ ಕೆಳಗೆ ಸಂದು ಬರಬಾರದು, ಫ್ಲ್ಯಾಟಿನ ಜೋಡಣೆಯನ್ನೂ ಒಂದು ಸಂದಾಗಿ ಲೆಕ್ಕ ಹಿಡಿಯಿರಿ. ಮೂರಕ್ಕೊಂದು ಕಲ್ಲಿಗೆ ರಟ್ಟು ಅಂಟಿಸಿ ಉಬ್ಬಿಸಿ. ರಟ್ಟಿನ ಅಂಚನ್ನು ಓರೆಯಾಗಿ ಕತ್ತರಿಸಿ ಪೇಪರ್ ಪಟ್ಟಿ ಮೆತ್ತಬೇಕು, ಇಲ್ಲದಿದ್ದರೆ ಒಳಗಿನ ಕೊಳವೆ ಕಾಣುತ್ತದೆ. ಸಂದಿನ ಗೆರೆ ಅರ್ಧ ಸೆಂ.ಮೀ., ಕಡು ಕಂದು, ಅಪ್ಪಟ ಕಪ್ಪಲ್ಲ. ಆಮೇಲೆ ಪ್ರತಿ ಕಲ್ಲಿನ ಕೆಳ ಅಂಚಿಗೂ ಬಲ ಅಂಚಿಗೂ ನೆರಳು, ಮೇಲಂಚಿಗೂ ಎಡಕ್ಕೂ ತೆಳು ಬೆಳಕು. ಬೆಳಕು ಎಡದಿಂದ ಅಂತ ತೀರ್ಮಾನಿಸಿದರೆ ನಾಲ್ಕೂ ಫ್ಲ್ಯಾಟ್, ಬಂಡೆ, ಕಂಬ ಎಲ್ಲಕ್ಕೂ ಎಡವೇ. ಏಳೆಂಟು ಜನ ಬಣ್ಣ ಹಚ್ಚುವಾಗ ಕೆಡುವುದು ಇಲ್ಲೇ. ಪ್ರತಿ ಫ್ಲ್ಯಾಟಿನ ಹಿಂದೆ ಬಾಣದ ಗುರುತು ಹಾಕಿಡಿ.

ಬಂಡೆ, ಗೋಡೆ ನೆಲಕ್ಕೆ ತಾಗುವ ಕಡೆ ಬೆಳಕಿನ ಸಂದು ಕಂಡರೆ ಮಾಡಿದ್ದೆಲ್ಲ ದಂಡ. ಗೋಣಿ ಪಟ್ಟಿ ಮುಚ್ಚಿ, ಕೆಮ್ಮಣ್ಣಿನ ಬಣ್ಣ ಒಂದು ಗೇಣು ಮೇಲಕ್ಕೆ ಚಿಮುಕಿಸಿ. ಮಳೆ ಬಿದ್ದಾಗ ಮಣ್ಣು ಸಿಡಿದ ಕಲೆ ಅದು.

ಉತ್ತರ 5 – ಕಿನ್ನಾಳದ ನೆರೆಯವ

ಕಂಬಕ್ಕ ಬರ್ತೀನಿ, ಅದೊಂದು ಬಿಟ್ಟೀರಿ. ದುಂಡು ಕಂಬ ಬ್ಯಾಡ. ನಮ್ಮ ಕಡಿ ಹಳೆ ಗುಡಿ ಕಂಬದಾಗ ಚೌಕ, ಅದರ ಮ್ಯಾಲೆ ಎಂಟು ಮೂಲಿ, ಮತ್ತ ಚೌಕ ಬರೋದು ಸಾಮಾನ್ಯ. ರಟ್ಟಿಗೆ ಅದ ಸುಲಭ.

ಚೌಕ ಒಂದಡಿ. ಎಂಟು ಮೂಲಿಗೆ 40 ಇಂಚು ಅಗಲದ ರಟ್ಟು ತಗೊಂಡು ಐದೈದು ಇಂಚಿಗೆ ಮಡಚ್ರಿ, ಅಂಟಸಾಕ ಒಂದಿಂಚು ಹೆಚ್ಚಿಗಿ ಬಿಡ್ರಿ. ಮುಖದಿಂದ ಮುಖಕ್ಕ ಅದು ಸರಿಯಾಗಿ 12 ಇಂಚು ಬರತೈತಿ, ಚೌಕದ ಪೆಟಗಿ ಮ್ಯಾಲೆ ಅಚ್ಚುಕಟ್ಟಾಗಿ ಕೂಡತೈತಿ. ಚೌಕದ ಮ್ಯಾಲೆ ಗುರುತು ಹಾಕೋದಾದ್ರ ಪ್ರತಿ ಮೂಲಿಯಿಂದ ಎರಡೂ ಕಡಿ ಮೂರೂವರಿ ಇಂಚು. ಮಡಚೋ ಗೆರಿ ರಟ್ಟಿನ ಕೊಳವಿ ಗುಂಟ ಇರಲಿ, ಮಸಿ ತೀರಿದ ಬಾಲ್ ಪೆನ್ನಿಂದ ಒತ್ತಿ ಗೀರಿ ಮಡಚ್ರಿ. ಬ್ಲೇಡ್ ಹಚ್ಚಿದ್ರ ಮಡಿಕಿ ಹರೀತೈತಿ.

ಬಳ್ಳಿ, ಹೂವಿನ ಕೆತ್ತನಿಗೆ ಎಂ-ಸೀಲ್ ತಗೊಂಡು ರೊಕ್ಕ ಸುರೀಬ್ಯಾಡ್ರಿ. ಕಿನ್ನಾಳ ಗೊಂಬಿ ಮಾಡೋರು ಹುಣಸಿ ಬೀಜದ ಅಂಟು, ಸೆಣಬಿನ ಪುಡಿ ಕೂಡಿಸಿ ಕಿಟ್ಟ ಮಾಡ್ತಾರ, ಗೊಂಬಿ ಜೋಡಿಸಿದ ಮ್ಯಾಲೆ ಮೈತುಂಬ ಅದನ್ನ ಕೈಯಿಂದ ಬಳೀತಾರ. ನಿಮ್ಮ ಕೆಲಸಕ್ಕ ಒರಟು ರೂಪ ಸಾಕು: ಹುಣಸಿ ಬೀಜ ಹುರದು, ಕುಟ್ಟಿ ಸಿಪ್ಪಿ ತಗದು, ರಾತ್ರಿ ನೆನಿ ಹಾಕಿ ನುಣ್ಣಗ ರುಬ್ರಿ. ಒಂದು ಪಾಲಿಗೆ ಹತ್ತು ಪಾಲು ನೀರು ಹಾಕಿ ಕುದಿಸಿದ್ರ ಗಂಜಿ ಹಂಗ ಆಗತೈತಿ. ಅದಕ್ಕ ಜರಡಿ ಹಿಡಿದ ಹೊಟ್ಟು, ಗೋಣಿಚೀಲದ ಸಣ್ಣ ಚೂರು ಕಲಸಿ ಚಪಾತಿ ಹಿಟ್ಟಿನ ಹದಕ್ಕ ತರ್ರಿ. ರಂಗೋಲಿ ಅಚ್ಚಿಗೆ ಎಣ್ಣಿ ಸವರಿ ಒತ್ತಿ ತಗದ್ರ ಹೂವು ಸಿಗತಾವ. ಬಳ್ಳಿಗೆ ತೆಂಗಿನ ನಾರಿನ ಹಗ್ಗ ಅಂಟಿಸಿ ಮ್ಯಾಲೆ ಇದನ್ನ ಸವರ್ರಿ. ಎರಡು ದಿನದಾಗ ಬಳಸಿ ಮುಗಿಸ್ರಿ, ಆಮ್ಯಾಲೆ ಹುಳಿ ನಾತ. ಕಂಬದ ಒಳಗ ಬುಡಕ್ಕ ಎರಡು ಇಟ್ಟಂಗಿ ಇಡೋದು ಮರೀಬ್ಯಾಡ್ರಿ.

ಬಾಗಲ ಕದಕ್ಕ ಒಂದು ಮಾತು: ರಟ್ಟಿನ ಮ್ಯಾಲೆ ಅಂಟಿನ ಕಲಸು ತೆಳ್ಳಗ ಬಳದು ಹಸಿ ಇದ್ದಾಗ ಮೇಲಿಂದ ಕೆಳಗ ಬಾಚಣಿಕಿ ಎಳದ್ರ ಕಟಗಿ ಗೆರಿ ಬರತಾವ. ಚೂಪು ಮೊಳಿಗೆ ಪೇಪರ್ ಕೋನು ಆರಿಂಚಿನವು, ಬುಡಕ್ಕ ಬಾಟ್ಲಿ ಮುಚ್ಚಳ.

ಉತ್ತರ 6 – ಪರದೆ ಹಿಂದಿನವ

ಬೆಳಕು, ಬೆಂಕಿ ಎರಡೂ ಬಾಕಿ ಇವೆ.

ಜಾತ್ರೆ ಸ್ಟೇಜಿನಲ್ಲಿ ಎರಡು ಹ್ಯಾಲೋಜನ್ ನೇರ ಮುಂದೆ ಕಟ್ಟುತ್ತಾರೆ. ಅದರಲ್ಲಿ ನೀವು ಮಾಡಿದ ಉಬ್ಬು ತಗ್ಗು ಒಂದೂ ಕಾಣುವುದಿಲ್ಲ, ಎದುರಿನ ಬೆಳಕು ನೆರಳನ್ನೆಲ್ಲ ನುಂಗುತ್ತದೆ. ಒಂದನ್ನು ಎಡ ಮುಂಭಾಗದ ಕಂಬಕ್ಕೆ ಎತ್ತರದಲ್ಲಿ, ಓರೆಯಾಗಿ ಕಟ್ಟಿಸಿ, ನೀವು ಬಣ್ಣದಲ್ಲಿ ಬೆಳಕು ತೋರಿಸಿದ ಕಡೆಯಿಂದಲೇ. ಇನ್ನೊಂದನ್ನು ಬಲಕ್ಕೆ, ದೂರ, ನಟರ ಮುಖ ಕಾಣುವಷ್ಟಕ್ಕೆ. ರಾತ್ರಿ ದೃಶ್ಯಕ್ಕೆ ನೀಲಿ ಎಲ್‌ಇಡಿ ಹಾಕುವುದಾದರೆ ಮೊದಲೇ ಪರೀಕ್ಷೆ ಮಾಡಿ. ನೀಲಿ ಬೆಳಕಿನಲ್ಲಿ ಕಾವಿ, ಕಂದು ಎಲ್ಲ ಕಪ್ಪಾಗುತ್ತವೆ, ಬಂಡೆಯ ಮೇಲೆ ಏನೂ ಉಳಿಯುವುದಿಲ್ಲ. ಒಣ ಬ್ರಷ್ಷಿನ ಕೊನೆಯ ಕೈಯಲ್ಲಿ ಬಿಳಿಗೆ ಒಂದು ಹನಿ ನೀಲಿ ಬೆರೆಸಿ ಬಲ ಅಂಚಿಗೆ ಸವರಿದ್ದರೆ ಆ ಹೊತ್ತಿಗೆ ಅದು ಬೆಳದಿಂಗಳಾಗುತ್ತದೆ.

ಬೆಂಕಿ: ಬಟ್ಟೆ, ಪೇಪರು, ಗೋಣಿ, ಹತ್ತಿ, ಎಲ್ಲವೂ ಉರಿಯುವ ಸಾಮಾನು. ಬಿಳಿಗಾರ (ಬೋರಾಕ್ಸ್) 700 ಗ್ರಾಂ, ಬೋರಿಕ್ ಪುಡಿ 300 ಗ್ರಾಂ, 10 ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಗೋಣಿಯನ್ನು ಅದ್ದಿ ಒಣಗಿಸಿ, ಆಮೇಲೆ ಅಂಟಿಗೆ ಹಾಕಿ. ಫ್ಲ್ಯಾಟಿನ ಹಿಂಬದಿಗೆ ಅದನ್ನೇ ಎರಡು ಸಲ ಬಳಿಯಿರಿ. ಕೇರಂ ಪುಡಿಯೂ ಬೋರಿಕ್ಕೇ, ಆದರೆ ಸಣ್ಣ ಡಬ್ಬಿ ಲೆಕ್ಕದಲ್ಲಿ ದುಬಾರಿ. ಇದು ಬೆಂಕಿ ಹಬ್ಬುವುದನ್ನು ತಡೆಯುತ್ತದೆ ಅಷ್ಟೆ, ಹತ್ತುವುದೇ ಇಲ್ಲ ಅಂತಲ್ಲ. ಒಂದಿಂಚು ಪಟ್ಟಿ ಕತ್ತರಿಸಿ ಬಯಲಿಗೆ ಹೋಗಿ ಹತ್ತು ಸೆಕೆಂಡ್ ಕಡ್ಡಿ ಹಿಡಿದು ನೋಡಿ. ಕಡ್ಡಿ ತೆಗೆದ ಕೂಡಲೇ ಆರಬೇಕು, ಆರದಿದ್ದರೆ ಇನ್ನೊಂದು ಸಲ ಅದ್ದಿ. ಥರ್ಮಾಕೋಲಿಗೆ ಇದು ನಾಟುವುದಿಲ್ಲ. ಹ್ಯಾಲೋಜನ್‌ನಿಂದ ಎಲ್ಲವೂ ಕನಿಷ್ಠ ನಾಲ್ಕಡಿ ದೂರ. ಪಂಜಿನ ದೃಶ್ಯ ಇದ್ದರೆ ನಿಜವಾದ ಬೆಂಕಿ ಬೇಡ, ಎಲ್‌ಇಡಿ ಬಲ್ಬಿಗೆ ಕಿತ್ತಳೆ ಜಿಲೆಟಿನ್ ಕಾಗದ ಸುತ್ತಿ. ಪಕ್ಕದಲ್ಲಿ ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು. ಕರೆಂಟಿನ ಹತ್ತಿರ ನೀರು ಎರಚಬಾರದು ಅಂತ ಒಬ್ಬರಿಗೆ ಹೇಳಿ ನಿಲ್ಲಿಸಿ.

ಹಂಪಸಾಗರದ ಹಾದಿ

ಇನ್ನೊಂದು ಕೇಳೋದೈತಿ. ಕೋಟಿ ಬಾಗಲದಿಂದ ದರಬಾರಿಗೆ ಬದಲಾಯಿಸಾಕ ಬರೀ ಒಂದು ಹಾಡಿನಷ್ಟು ಹೊತ್ತು ಸಿಗತೈತಿ, ನಾಲ್ಕು ನಿಮಿಷ. ಆಗತೈತೇನು?

ಉತ್ತರ 7 – ಕಾವಿಮಣ್ಣು

ಆಗತೈತಿ, ಬುಡದ ಸ್ಕ್ರೂ ಬಿಚ್ಚಾಕ ಹೋಗದಿದ್ರ. ಫ್ಲ್ಯಾಟು ಅಲ್ಲೇ ಇರಲಿ, ಅರಮನಿ ಗೋಡಿನೂ ಕಲ್ಲಿಂದ ಅಲ್ಲೇನು? ತೊಲಿಗಲ್ಲಿನ ಹಿಂದ ಒಂದು ಬಿದಿರಿನ ಗಳಾ ಕಟ್ಟಿ, ಅದಕ್ಕ ಕೆಂಪು ಪರದಿ ಸುತ್ತಿ ಇಟ್ಟಿರ್ರಿ, ದಾರ ಜಗ್ಗಿದ್ರ ಬಾಗಲ ಮುಚ್ಚಿ ಸಿಂಹಾಸನದ ಹಿನ್ನೆಲಿ ಆಗಬೇಕು. ಇಬ್ಬರು ಕಂಬ ತರ್ಲಿ, ಇಬ್ಬರು ಬಂಡಿ ಒಂದರೊಳಗ ಒಂದು ಹಾಕಿ ಎತ್ತಲಿ, ಒಬ್ಬ ದಾರಕ್ಕ. ಕಂಬ ನಿಲ್ಲೋ ಜಾಗ, ಬಂಡಿ ಇಡೋ ಜಾಗ ನೆಲದ ಮ್ಯಾಲೆ ಬೇರೆ ಬೇರೆ ಬಣ್ಣದ ಟೇಪಿನ ಗುರುತು ಹಾಕ್ರಿ, ಕತ್ತಲಾಗ ಹುಡುಕಾಡಬಾರದು. ಹಿಂದಿನ ದಿನ ಲೈಟ್ ಆರಿಸಿ ಐದು ಸಲ ಮಾಡಿ ನೋಡ್ರಿ, ಗಡಿಯಾರ ಹಿಡಕೊಂಡು. ನಟ ಹತ್ತೋ ಮೇಜಿನ ಬಂಡಿ ಮಾತ್ರ ಎತ್ತಬ್ಯಾಡ್ರಿ, ಅದನ್ನ ಮೊದಲಿಂದನ ಬಲ ಮೂಲಿಗೆ ಇಟ್ಟು, ದರಬಾರಿನಾಗ ಮ್ಯಾಲೆ ಒಂದು ಜಮಖಾನಿ ಹೊದಿಸಿದ್ರ ಮಂತ್ರಿ ಕೂಡೋ ಕಟ್ಟಿ.